ಇನ್ನೊಬ್ಬರ ತಪ್ಪಿಗೆ ಬಾಯಾದವರು

ಬಿಸಿಲಿಗೆ ಕರಗಿ ಮೆತ್ತಗಾದ ಡಾಂಬರು ರಸ್ತೆಯ ಮೇಲೆ, ಪೊಲೀಸರ ಎದುರಿಗೆ, ಚಪ್ಪಲಿಯಿಂದ ಪಾದ ಹೊರತೆಗೆದು ಬರಿಗಾಲಲ್ಲಿ ನಿಲ್ಲುತ್ತಿದ್ದ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ. ಅರಸರ ಮುಂದೆ ನಿಂತಾಗ ಎಡಹೆಗಲ ವಸ್ತ್ರವನ್ನು ಎದೆಯವರೆಗೆ ಇಳಿಸಿ, ಚಪ್ಪಲಿ ಬಿಟ್ಟು, ನೆಲಕ್ಕೆ ಪಾದ ಊರಿ ಮಾತಾಡುವುದು ನಮ್ಮ ಅಸಾಂಟೆ ಸೀಮೆಯ ಹಳೆಯ ಮರ್ಯಾದೆ. ಆ ಮರ್ಯಾದೆಯನ್ನು ಅರಮನೆಯ ತಂಪು ನೆಲದಿಂದ ಎತ್ತಿ ತಂದು ಕೊನೊಂಗೊದಿಂದ ಅಗೊಗೊಗೆ ಹೋಗುವ ರಸ್ತೆಯ ಕಾದ ಡಾಂಬರಿನ ಮೇಲೆ ಹಾಸಿದವರು ವೋಫಾ ಬೊವಾಡಿ. ಅವರ ಅಂಗಾಲು ಎಷ್ಟೋ ಸಲ ಸುಟ್ಟು, ಎಷ್ಟೋ ಸಲ ಮಾಗಿ, ಒಲೆಯ ಮೇಲಿಟ್ಟ ಹಂಚಿನ ಹಾಗೆ ಗಟ್ಟಿಯಾಗಿತ್ತು. ಆದರೂ ನಡೆಯುವಾಗ ಪ್ರತಿ ಹೆಜ್ಜೆಯನ್ನೂ ನೆಲವನ್ನು ಕೇಳಿಕೊಂಡೇ ಇಡುತ್ತಿದ್ದರು. ದೂರದಿಂದ ನೋಡಿದವರಿಗೆ, ಯಾರೋ ಮಲಗಿರುವ ಮನೆಯೊಳಗೆ ಹಿರಿಯರೊಬ್ಬರು ಸದ್ದಿಲ್ಲದೆ ಓಡಾಡುತ್ತಿದ್ದಾರೆ ಅನ್ನಿಸಬೇಕು, ಹಾಗಿತ್ತು ಆ ನಡಿಗೆ.

ತಾಯಿಯ ಅಣ್ಣತಮ್ಮಂದಿರನ್ನು ನಾವು ವೋಫಾ ಎನ್ನುತ್ತೇವೆ. ಸೋದರಮಾವ ಎಂದರೆ ನಮ್ಮಲ್ಲಿ ತಂದೆಗಿಂತ ಒಂದು ಮಣೆ ಮೇಲೆ. ಬೊವಾಡಿಯವರಿಗೆ ಒಡಹುಟ್ಟಿದ ಅಕ್ಕ ಒಬ್ಬಳೇ, ಅವಳಿಗೆ ಮಕ್ಕಳಿರಲಿಲ್ಲ. ಆದರೆ ಕೊನೊಂಗೊದ ಬಸ್ ಸ್ಟೇಷನ್ನಿನಲ್ಲಿ ಟ್ರೋಟ್ರೋ ಓಡಿಸುವ ಡ್ರೈವರುಗಳೆಲ್ಲ ತಾವಾಗಿಯೇ ಅವರ ಸೋದರಳಿಯಂದಿರಾಗಿದ್ದರು. ಹದಿನೈದು ಜನ ಕೂರುವ ಆ ಮುದಿ ವ್ಯಾನುಗಳ ಮುಂದಿನ ಸೀಟು ಅವರದ್ದು. ಹೋಗುವ ಕೆಲಸವಿರಲಿ ಇಲ್ಲದಿರಲಿ, ಬೆಳಿಗ್ಗೆ ಎದ್ದು ಕಂದು ಬಣ್ಣದ ಒಂದೇ ವಸ್ತ್ರ ಹೊದ್ದು ಸ್ಟೇಷನ್ನಿಗೆ ಬಂದರೆ, "ವೋಫಾ, ಈವತ್ತು ನನ್ನ ಗಾಡಿಗೆ ಬನ್ನಿ," "ಏ, ನಿನ್ನೆ ನಿನ್ನ ಗಾಡಿಗೇ ಬಂದಿದ್ರಲ್ಲೋ, ಈವತ್ತು ನಂದು," ಎಂದು ಜಗ್ಗಾಟ ನಡೆಯುತ್ತಿತ್ತು. ಯೌವನದಲ್ಲಿ ಅವರು ಒಬ್ಬ ಸಣ್ಣ ಅರಸರಿಗೆ ಮಾತಿನವರಾಗಿ, ಬಂಗಾರದ ಹಿಡಿಯ ದಂಡ ಹಿಡಿದು ನಿಂತವರು. ಅರಸರ ಮಾತು ಪ್ರಜೆಗೆ, ಪ್ರಜೆಯ ಮಾತು ಅರಸರಿಗೆ ನೇರವಾಗಿ ತಾಗಬಾರದು. ನಡುವೆ ಒಂದು ಬಾಯಿ ಬೇಕು, ಬಿಸಿ ಮಾತು ಆ ಬಾಯಲ್ಲಿ ಆರಿ ಬರಬೇಕು. ಆ ಅರಸರು ತೀರಿಕೊಂಡು ಗದ್ದುಗೆಗೆ ಜಗಳ ಹತ್ತಿದಾಗ, ದಂಡವನ್ನು ಗೋಡೆಗೊರಗಿಸಿ ಅಕ್ಕನ ಮನೆ ಸೇರಿಕೊಂಡವರು ಬಾಯನ್ನು ಮಾತ್ರ ಜೊತೆಗೆ ತಂದುಬಿಟ್ಟಿದ್ದರು. ಅದಕ್ಕೊಂದು ಕೆಲಸ ಬೇಕಿತ್ತು. ರಸ್ತೆಯಲ್ಲಿ ಕೆಲಸಕ್ಕೇನು ಬರ?

ನಾನು ಆಗ ಸ್ಟೇಷನ್ನಿನ ಎದುರಿನ ಶಾಲೆಯಲ್ಲಿ ಮೇಷ್ಟ್ರು. ಅಗೊಗೊದಲ್ಲಿದ್ದ ತಾಯಿಯನ್ನು ನೋಡಲು ವಾರವಾರವೂ ಹೋಗುತ್ತಿದ್ದವನಿಗೆ ಅವರ ವಿದ್ಯೆಯನ್ನು ಹತ್ತಿರದಿಂದ ನೋಡುವ ಭಾಗ್ಯ ಸಿಕ್ಕಿತ್ತು. ಆಡಬಾರದ ಮಾತನ್ನು, ಅಂದರೆ ಸಾವು, ಹೇಸಿಗೆ, ಮೈಯ ಗುಟ್ಟು ಇಂಥವನ್ನು, ಹಿರಿಯರೆದುರು ಆಡಲೇಬೇಕಾಗಿ ಬಂದಾಗ ನಮ್ಮವರು ಮೊದಲು "ಸೆಬೆ" ಎನ್ನುತ್ತಾರೆ: ಮೈಲಿಗೆ ಮಾತು ಬರುತ್ತಿದೆ, ಮನ್ನಿಸಿ ಎಂದು. ವೋಫಾ ಅದನ್ನು ರಸ್ತೆಯ ಕಾನೂನಿಗೆ ಹಚ್ಚಿದ್ದರು. "ಸೆಬೆ, ಸವೆದ ಟೈರು." "ಸೆಬೆ, ಹೆಚ್ಚಿಗೆ ಜನ." "ಕೈಯಲ್ಲಿ, ಸೆಬೆ, ಫೋನು." ಹಾಗೆನ್ನುವಾಗ ಅವರ ಮುಖದಲ್ಲಿ ಮೂಡುತ್ತಿದ್ದ ಸಂಕೋಚ ಎಷ್ಟು ನಿಜವಾಗಿತ್ತೆಂದರೆ, ದಂಡದ ಚೀಟಿ ಬರೆಯಲು ಪೆನ್ನು ತೆಗೆದ ಪೊಲೀಸನೂ ಒಂದು ಕ್ಷಣ ಅತ್ತಿತ್ತ ನೋಡಿ, ಹೆಂಗಸರು ಮಕ್ಕಳು ಇದ್ದಾರೇನೋ ಎಂಬಂತೆ ದನಿ ತಗ್ಗಿಸುತ್ತಿದ್ದ.

ಕೆಟ್ಟು ನಿಂತ ಗಾಡಿಯ ಹಿಂದೆ ಇಡುವ ಕೆಂಪು ತ್ರಿಕೋನ ಪ್ರತಿ ಗಾಡಿಯಲ್ಲೂ ಇರಬೇಕು. ನಮ್ಮ ಸ್ಟೇಷನ್ನಿನಲ್ಲಿ ಗಾಡಿಗಳು ಬಹಳ, ತ್ರಿಕೋನಗಳು ಕಡಿಮೆ. ತಪಾಸಣೆ ದಾಟಿದ ಗಾಡಿ ಎದುರು ಬರುವ ಗಾಡಿಯ ಕಿಟಕಿಗೆ ತನ್ನ ತ್ರಿಕೋನವನ್ನು ದಾಟಿಸಿ ಹೋಗುವುದು ರೂಢಿ. ಒಮ್ಮೆ ದಾಟಿಸಬೇಕಾದ ಗಾಡಿ ಬರುವ ಮುಂಚೆಯೇ ತಪಾಸಣೆ ಬಂದುಬಿಟ್ಟಿತು. ವೋಫಾ ಇಳಿದರು, ವಸ್ತ್ರ ಇಳಿಯಿತು, ಪಾದ ಚಪ್ಪಲಿ ಬಿಟ್ಟು ಡಾಂಬರು ಮುಟ್ಟಿತು.

"ಸಾಹೇಬ್ರೇ, ತ್ರಿಕೋನ ಇಲ್ಲ ಅಂತ ಅನ್ಕೋಬೇಡಿ. ಅದು, ಸೆಬೆ, ಪ್ರಯಾಣದಲ್ಲಿದೆ. ಅಗೊಗೊದಿಂದ ಹೊರಟಿದೆ, ಇನ್ನೇನು ಬಂದ್ಬಿಡುತ್ತೆ."

ಆ ದಪ್ಪ ಮೀಸೆಯ ಪೊಲೀಸು ಟೋಪಿ ತೆಗೆದು ಕಣ್ಣೀರು ಬರುವಷ್ಟು ನಕ್ಕ. ನಕ್ಕು, ಕಣ್ಣೊರೆಸಿಕೊಂಡು, ಚೀಟಿ ಬರೆದೇಬಿಟ್ಟ. ವೋಫಾ ಅದನ್ನು ಬಲಗೈಯಲ್ಲಿ ಮದುವೆಯ ವೀಳ್ಯದ ಹಾಗೆ ಸ್ವೀಕರಿಸಿದರು. ಅವರು ಗೆಲ್ಲುತ್ತಿದ್ದದ್ದು ಅರ್ಧ ಸಲ ಮಾತ್ರ. ಆದರೆ ಅವರು ಬೇಡಿಕೊಂಡ ಮೇಲೆ ಬರೆದ ಚೀಟಿಯಲ್ಲಿ ವಿಷ ಇರುತ್ತಿರಲಿಲ್ಲ, ಬರೆದವನ ಮೇಲೆ ಬರೆಸಿಕೊಂಡವನಿಗೆ ಸಿಟ್ಟು ಉಳಿಯುತ್ತಿರಲಿಲ್ಲ. ಸ್ಟೇಷನ್ನಿನ ಬಾಗಿಲಲ್ಲಿ ಜೋಳದ ಹಿಟ್ಟಿನ ಕೆಂಕೆ ಬೇಯಿಸಿ ಮಾರುತ್ತಿದ್ದ ಮಾಮೆ ಪೊಕುವಾ ಮಾತ್ರ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ.

"ವೋಫಾ, ಮೊದಲು ನಿಮ್ಮ ಬಾಯಿಗೆ ಚೀಟಿ ಬರೀಬೇಕು ನೋಡಿ. ಬ್ರೇಕೇ ಇಲ್ಲ."

"ಬರೀಲಿ ತಾಯೀ. ಹಂಗೇ ನಿನ್ನ ಕೆಂಕೆಗೂ ಒಂದು ಬರೀಲಿ. ಹೋದ ವರ್ಷ ಮುಷ್ಟಿಯಷ್ಟಿತ್ತು, ಈಗ, ಸೆಬೆ, ನನ್ನ ಮೂಗಿನಷ್ಟು."

"ನಿಮ್ಮ ಮೂಗಿನಷ್ಟಿದ್ರೆ ಒಂದರಲ್ಲೇ ಹೊಟ್ಟೆ ತುಂಬುತ್ತೆ ಬಿಡಿ!"

ಇಂಥ ದಿನಗಳ ನಡುವೆ ಫ್ರಿಂಪೊಂಗ್‌ನ ಪ್ರಸಂಗ ಬಂತು. ಫ್ರಿಂಪೊಂಗ್ ಎಂದರೆ ಸ್ಟೇಷನ್ನಿನ ಮುದ್ದಿನ ಡ್ರೈವರು. ಹಾಡುಗಾರ, ನಗೆಗಾರ, ಕಾಯುವುದೊಂದು ಬಿಟ್ಟು ಎಲ್ಲ ಬಲ್ಲವ. ಅವನ ಗಾಡಿಯ ಬೆನ್ನ ಮೇಲೆ ಹಳದಿ ಬಣ್ಣದಲ್ಲಿ ತಾಳಿದವನು ಬಾಳಿಯಾನು ಎಂಬರ್ಥದ ನಮ್ಮ ಮಾತನ್ನು ಬರೆಸಿದ್ದ. ಅದನ್ನು ಓದುವ ಅವಕಾಶ ಅವನು ಹಿಂದೆ ಹಾಕಿದ ಗಾಡಿಗಳಿಗೆಲ್ಲ ಧಾರಾಳವಾಗಿ ಸಿಗುತ್ತಿತ್ತು. ಅದಾಗಲೇ ಎರಡು ಸಲ ಅವನು ಕೋರ್ಟಿನ ಕಟಕಟೆ ಹತ್ತಿ ಇಳಿದಿದ್ದ. "ಇನ್ನೊಮ್ಮೆ ನನ್ನೆದುರು ಬಂದರೆ ಲೈಸೆನ್ಸ್ ಮರೆತುಬಿಡು" ಎಂದು ಮ್ಯಾಜಿಸ್ಟ್ರೇಟರು ಎಚ್ಚರಿಸಿದ್ದರು. ಸ್ಟಿಯರಿಂಗ್ ಬಿಟ್ಟರೆ ಬೇರೆ ಕಸುಬು ಹಿಡಿದ ಕೈಯಲ್ಲ ಅದು. ಅಂಥವನು ಒಂದು ಮುಂಜಾನೆ, ಬೂರುಗದ ಮರದ ಕುರುಡು ತಿರುವಿನಲ್ಲಿ, ಮುಂದಿದ್ದ ಮರದ ಲಾರಿಯನ್ನು ಬಿಳಿಗೆರೆ ದಾಟಿ ಹಿಂದೆ ಹಾಕಿದ. ತಿರುವಿನಾಚೆ ಪೊಲೀಸ್ ಕಾರ್ಪೊರಲ್ ಜಿಫಾ ನಿಂತಿದ್ದಳು.

ಜಿಫಾ ವೋಲ್ಟಾ ನದಿಯ ಆಚೆಯವಳು, ಹೊಸದಾಗಿ ಬಂದವಳು. ಕಡ್ಡಿಯಂಥ ಹುಡುಗಿ, ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಆ ದಿನ ವೋಫಾ ಬೇರೆ ಗಾಡಿಯಲ್ಲಿದ್ದರು. ಬಾಯಿಲ್ಲದ ಫ್ರಿಂಪೊಂಗ್ ಏನೇನೋ ಒದರಿದ; ಅವಳು ಕೋರ್ಟಿಗೆ ಬರಬೇಕಾದ ದಿನವನ್ನು ನಮೂದಿಸಿ ಚೀಟಿ ಹರಿದು ಕೊಟ್ಟಳು. ಸಂಜೆ ಅವನು ವೋಫಾ ಮುಂದೆ ಬಂದು ಕುಕ್ಕರಿಸಿದಾಗ ಹಾಡೂ ಇರಲಿಲ್ಲ, ನಗೆಯೂ ಇರಲಿಲ್ಲ.

"ಮಾವಾ, ನನ್ನ ಕೈ ಕತ್ತರಿಸಿದ ಹಾಗಾಯ್ತು."

"ಕೈ ಇನ್ನೂ ಇದೆ. ಬೆಳಿಗ್ಗೆ ಹೋಗೋಣ," ಎಂದರು ವೋಫಾ.

ಇನ್ನೊಬ್ಬರ ಪರವಾಗಿ ಕ್ಷಮೆ ಕೇಳುವ ಬೇಡಿಕೆಗೆ ಹೊತ್ತು ಬೆಳಗಿನ ಜಾವ. ರಾತ್ರಿಯ ನಿದ್ದೆ ಕೋಪವನ್ನು ಒರೆಸಿರುತ್ತದೆ, ಹಗಲಿನ ಕೋಪ ಇನ್ನೂ ಹುಟ್ಟಿರುವುದಿಲ್ಲ. ಒಂಟಿ ಬಾಯಿ ಬೇಡಿಕೆ ಅನ್ನಿಸಿಕೊಳ್ಳುವುದಿಲ್ಲವಾದ್ದರಿಂದ ನನ್ನನ್ನೂ ಕರೆದರು. ನಾವು ಮೂವರು ಹೋದಾಗ ಕಾರ್ಪೊರಲ್ ಜಿಫಾ ಅಂಗಳ ಗುಡಿಸುತ್ತಿದ್ದಳು. ಪೊರಕೆ ಇಟ್ಟು, ಮಣೆ ಹಾಕಿ, ಕುಡಿಯಲು ನೀರು ಕೊಟ್ಟಳು. ನಾವು ಕುಡಿದ ಮೇಲೆ, ಹಿರಿಯರು ಕಲಿಸಿದ ಮಾತನ್ನು ತಪ್ಪದೆ ಹೇಳಿದಳು: "ಇಲ್ಲಿ ಎಲ್ಲ ನೆಮ್ಮದಿ. ದಾರಿ ನಡೆದು ಬಂದವರು ನೀವು. ಮಾತು ನಿಮ್ಮ ಕಡೆ."

ವೋಫಾ ಆ ದಿನ ಮಾತಾಡಿದ ಹಾಗೆ ಎಂದೂ ಮಾತಾಡಿರಲಿಲ್ಲ. ಲಾರಿಯ ಹೊಗೆಯನ್ನೂ, ಹರೆಯದ ರಕ್ತವನ್ನೂ, ಡ್ರೈವರನ ತಾಯಿಯ ನಿದ್ದೆಯಿಲ್ಲದ ರಾತ್ರಿಯನ್ನೂ ಒಂದೊಂದಾಗಿ ಎತ್ತಿ ಅಂಗಳದಲ್ಲಿ ಹರಡಿದರು. ಕಡೆಗೆ "ಅವನ ತಪ್ಪು ಈಗ ನಂದು. ಹೊಡಿಯೋದಿದ್ರೆ ಈ ಬಿಳಿ ತಲೆಗೆ ಹೊಡಿ, ಮಗಳೇ," ಎಂದು ಬಾಗಿದರು. ಜಿಫಾ ಕಸಿವಿಸಿಯಿಂದ ಎದ್ದು ನಿಂತಳು.

"ಅಯ್ಯೋ, ಏಳಿ ಮಾವಾ. ನನಗೆ ಅವನ ಮೇಲೆ ಕೋಪ ಅನ್ನೋದೇ ಇಲ್ಲ. ಆಯ್ತು, ಕ್ಷಮಿಸಿದೀನಿ. ಆದರೆ..."

ಆ ‘ಆದರೆ’ಯನ್ನು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಕ್ಷಮೆಯ ಮಾತು ಬಾಯಿಂದ ಬಿದ್ದೊಡನೆ ಬೇಡಿಕೆಯವರು ಎದ್ದುಬಿಡಬೇಕು. ಕೂತಿದ್ದರೆ ಕೊಟ್ಟ ಮಾತು ಹುಳಿಯಾಗುತ್ತದೆ, ಇನ್ನೂ ಏನೋ ಬೇಕಾಗಿದೆ ಅನ್ನಿಸುತ್ತದೆ. ವೋಫಾ ಎದ್ದಿದ್ದರು, ವಸ್ತ್ರ ಹೆಗಲೇರಿತ್ತು, ನಾವಿಬ್ಬರೂ ಅವರ ಹಿಂದೆ ಬೇಲಿ ದಾಟಿದ್ದೆವು. ಜಿಫಾ ಹಿಂದಿನಿಂದ "ಮಾವಾ, ಮಾವಾ" ಎಂದು ಕರೆದದ್ದನ್ನು ನಾವು ಮರ್ಯಾದೆಯ ಬೀಳ್ಕೊಡುಗೆ ಎಂದುಕೊಂಡೆವು.

"ಮುಗೀತು," ಎಂದರು ವೋಫಾ ದಾರಿಯಲ್ಲಿ. "ಕೋರ್ಟಿನ ಕಡೆ ತಲೆ ಹಾಕಬೇಡ ಫ್ರಿಂಪೊಂಗ್. ಕೊಟ್ಟ ಕ್ಷಮೆಯನ್ನು ಇನ್ನೊಬ್ಬರ ಹತ್ತಿರ ಮತ್ತೆ ಕೇಳೋಕೆ ಹೋದರೆ, ಕೊಟ್ಟ ಹೆಣ್ಣುಮಗಳ ಮುಖಕ್ಕೆ ಉಗಿದ ಹಾಗೆ."

ಫ್ರಿಂಪೊಂಗ್ ಹೋಗಲಿಲ್ಲ. ಕೋರ್ಟು ಕರೆದ ದಿನ ಅವನು ಅಗೊಗೊ ದಾರಿಯಲ್ಲಿ ಹಾಡಿಕೊಂಡು ಗಾಡಿ ಓಡಿಸುತ್ತಿದ್ದ. ಕರೆದಾಗ ಬಾರದವನಿಗೆ ಕಾನೂನು ಏನು ಮಾಡುತ್ತದೆಂಬುದು ಆಮೇಲೆ ನಮ್ಮೆಲ್ಲರ ಕಣ್ಣೆದುರಿಗೇ ನಡೆಯಿತು. ವಾರಂಟು ಹಿಡಿದು ಇಬ್ಬರು ಪೊಲೀಸರು ತುಂಬಿದ ಸ್ಟೇಷನ್ನಿಗೆ ಬಂದು, ಗಾಡಿಯಲ್ಲಿ ಜನ ಕೂತಿದ್ದ ಹಾಗೆಯೇ ಅವನನ್ನು ಇಳಿಸಿ ಕರೆದುಕೊಂಡು ಹೋದರು. ಅವನು ಒಂದೇ ಮಾತು ಹೇಳುತ್ತಿದ್ದ: "ಕ್ಷಮಿಸಿದಾರೆ, ನನ್ನ ಕ್ಷಮಿಸಿದಾರೆ." ಮಾಮೆ ಪೊಕುವಾ ಕೆಂಕೆಯ ಪಾತ್ರೆಯ ಮುಚ್ಚಳ ಮುಚ್ಚಿ, ವೋಫಾ ಕೂತಿದ್ದ ಬೆಂಚಿಗೆ ಬೆನ್ನು ಮಾಡಿ ನಿಂತಳು. ಬೈಗುಳಕ್ಕಿಂತ ಆ ಬೆನ್ನು ಅವರಿಗೆ ಹೆಚ್ಚು ತಾಗಿತು.

ಮರುದಿನ ಕೋರ್ಟಿನ ಜಗಲಿಯಲ್ಲಿ ನಾವು ಬಹಳ ಹೊತ್ತು ಕಾದೆವು. ಬೆಂಚಿನ ಮೇಲೆ ವೋಫಾ ಪಕ್ಕದಲ್ಲಿ ಒಬ್ಬ ಕೃಶ ಮನುಷ್ಯ, ಬಟ್ಟೆ ಸುತ್ತಿದ ಕಾಲನ್ನು ಮುಂದೆ ಚಾಚಿ, ಊರುಗೋಲು ತಬ್ಬಿಕೊಂಡು ಕೂತಿದ್ದ. ಉತ್ತರದ ಸೀಮೆಯಿಂದ ನಮ್ಮ ಕೋಕೋ ತೋಟಗಳಿಗೆ ದುಡಿಯಲು ಬರುವವರ ಪೈಕಿ. ನಮ್ಮ ಭಾಷೆ ಅವನ ನಾಲಿಗೆಯಲ್ಲಿ ಕುಂಟುತ್ತಿತ್ತು. ವೋಫಾ ತಮ್ಮ ಮಡಿಲಿನ ಹುರಿದ ಕಡಲೆಕಾಯಿಯನ್ನು ಅವನ ಕೈಗೆ ಸುರಿದರು.

"ಏನಪ್ಪಾ, ಯಾರ ಮೇಲೆ ನಿನ್ನ ಕೇಸು?"

"ಒಂದು ಬಸ್ಸು, ಅಜ್ಜಾ."

"ಹೆದರಬೇಡ. ಒಳಗೆ ಮಾತು ಬರಲಿಲ್ಲ ಅಂದ್ರೆ ನನ್ನ ಕಡೆ ನೋಡು. ನಿನ್ನ ಪರವಾಗಿ ನಾನಾಡ್ತೀನಿ."

ಒಳಗೆ ಫ್ರಿಂಪೊಂಗ್ ಹೆಸರು ಕೂಗಿದಾಗ ವೋಫಾ ಜನರ ನಡುವಿನಿಂದ ಎದ್ದರು. ವಸ್ತ್ರ ಇಳಿಸಿದರು, ಚಪ್ಪಲಿ ಬಿಟ್ಟರು. "ಅಜ್ಜಾ, ಚಪ್ಪಲಿ ಹಾಕ್ಕೊಳಿ, ಇದೇನು ಅರಮನೆಯಾ?" ಎಂದು ಕಾವಲಿನ ಪೊಲೀಸು ಗದರಿದ. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿನಿಂದ ನೋಡಿ, ಇಂಗ್ಲಿಷ್ ಬಿಟ್ಟು ನಮ್ಮ ಮಾತಿನಲ್ಲೇ ಕೇಳಿದರು:

"ನೀವು ಯಾರು?"

"ಇವನ ಬಾಯಿ, ನಾನಾ," ಎಂದರು ವೋಫಾ, ನಮ್ಮಲ್ಲಿ ಅರಸರನ್ನು ಕರೆಯುವ ಹಾಗೆ.

"ಇವನಿಗೆ ಬಾಯಿಲ್ಲವೇ?"

"ಇದೆ. ತಪ್ಪು ಮಾಡಿದವನ ಬಾಯಿ ಬಿಸಿ ಇರುತ್ತೆ, ನಿಮ್ಮ ಕಿವಿ ಸುಡಬಾರದು ಅಂತ. ಇವನು ಅವತ್ತು ಬರದೆ ಇದ್ದದ್ದು ನನ್ನ ಮಾತಿಂದ. ಕ್ಷಮೆ ಸಿಕ್ಕಿತ್ತು. ಅದಕ್ಕೇ ನಾನೇ ತಡೆದೆ."

"ಕ್ಷಮಿಸಿದವರು ಯಾರು?"

"ಕಾರ್ಪೊರಲ್ ಮಗಳು."

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. "ಕಾಲು ಮುರಿದದ್ದು ಅವಳದ್ದೇ?"

ಅವರು ಕೈ ತೋರಿದ ಕಡೆ, ಸಾಕ್ಷಿಗಳ ಬೆಂಚಿನಲ್ಲಿ, ಊರುಗೋಲು ತಬ್ಬಿಕೊಂಡು ಅದೇ ಮನುಷ್ಯ ಕೂತಿದ್ದ. ಅವನ ಮುಷ್ಟಿಯಲ್ಲಿ ಕಡಲೆಕಾಯಿ ಇನ್ನೂ ಇತ್ತು. ಹೆಸರು ಅಯಾಂಗಾ. ಬಾಳೆಗೊನೆ ಹೇರಿದ ಸೈಕಲ್ಲಿನಲ್ಲಿ ಬೂರುಗದ ತಿರುವಿನ ಎದುರು ಬದಿಯಿಂದ ಬರುತ್ತಿದ್ದವನು ಫ್ರಿಂಪೊಂಗ್‌ನ ಗಾಡಿ ಕಂಡು ಚರಂಡಿಗೆ ಹಾರಿದ್ದ. ಚೀಟಿಯ ಗದ್ದಲದಲ್ಲಿ ಗಾಡಿಯೊಳಗಿನ ಯಾರೂ ಹಿಂದೆ ತಿರುಗಿ ನೋಡಿರಲಿಲ್ಲ. ಗಾಡಿ ಹೋದ ಮೇಲೆ ಅವನನ್ನು ಕಂಡು, ಎತ್ತಿ ಆಸ್ಪತ್ರೆಗೆ ಸೇರಿಸಿದವಳು ಜಿಫಾ. ಆ ಮುಂಜಾನೆ ಅವಳ ‘ಆದರೆ’ಯ ಹಿಂದೆ ನಿಂತಿದ್ದವನು ಅವನೇ.

ವೋಫಾ ಮೆಲ್ಲಗೆ ಚಪ್ಪಲಿಯೊಳಗೆ ಕಾಲು ತೂರಿಸಿದರು. "ತಪ್ಪು ಮನೆಗೆ ಹೋದೆ," ಎಂದರು. ಯಾರಿಗೆ ಹೇಳಿದರೋ ತಿಳಿಯದು. ಆಮೇಲೆ ಕೂತುಬಿಟ್ಟರು. ಫ್ರಿಂಪೊಂಗ್ ತನ್ನ ಬಾಯಿಂದಲೇ ತಪ್ಪೊಪ್ಪಿಕೊಂಡ. ವಾರಂಟು ರದ್ದಾಯಿತು, ದಂಡ ಬಿತ್ತು, ಲೈಸೆನ್ಸು ಕೋಕೋ ಸುಗ್ಗಿ ಮುಗಿಯುವವರೆಗೆ ಕೋರ್ಟಿನ ವಶವಾಯಿತು. ಶಾಶ್ವತವಾಗಿ ಹೋಗಬೇಕಿತ್ತು, ಆ ಮುದುಕರು ನಿಜ ನುಡಿದದ್ದಕ್ಕೆ ಇಷ್ಟಕ್ಕೆ ನಿಂತಿತು ಎಂದು ಜನ ಆಡಿಕೊಂಡರು. ವೋಫಾ ಅದನ್ನು ಗೆಲುವೆಂದು ಎಣಿಸಲಿಲ್ಲ.

ಮತ್ತೊಂದು ಬೆಳಗಿನ ಜಾವ ನಾವು ಮೂವರು ಕೋಕೋ ತೋಟದ ಕೆಸರಿನಲ್ಲಿ ನಡೆದು ಅಯಾಂಗಾನ ಗುಡಿಸಲಿಗೆ ಹೋದೆವು. ಸೋರೆಬುರುಡೆಯಲ್ಲಿ ನೀರು ಕೊಟ್ಟು, ಕುಂಟು ಮಾತಿನಲ್ಲಿ ಅವನೂ ಅದನ್ನೇ ಹೇಳಿದ: ಮಾತು ನಿಮ್ಮ ಕಡೆ. ವೋಫಾ ಹೊಗೆ, ಹರೆಯ, ತಾಯಿ ಎಂದು ಶುರುಮಾಡಿದರು. ಅಯಾಂಗಾ ಕೇಳಿ ಕೇಳಿ ಕೈಯೆತ್ತಿದ.

"ಅಜ್ಜಾ, ಇವನಿಗೆ ನೀವಿದೀರಿ. ನನ್ನ ಮಾವ ಇಲ್ಲಿಂದ ಎಷ್ಟೋ ನದಿ ಆಚೆ. ನನ್ನ ಪರವಾಗಿ ಇವನನ್ನ ಬೈಯೋಕೂ ಇಲ್ಲಿ ಯಾರಿಲ್ಲ. ಯಾರೂ ಬೈದೇ ಇಲ್ಲ, ನಾನು ಹ್ಯಾಗೆ ಕ್ಷಮಿಸಲಿ?"

ಆಗ ವೋಫಾ ನಾನು ಎಂದೂ ಕಾಣದ್ದನ್ನು, ಎಲ್ಲಿಯೂ ಕೇಳದ್ದನ್ನು ಮಾಡಿದರು. ತಮ್ಮ ಮಣೆಯನ್ನು ಎತ್ತಿಕೊಂಡು ಎದ್ದು, ಅಂಗಳ ದಾಟಿ, ಅಯಾಂಗಾನ ಪಕ್ಕದಲ್ಲಿ ಹಾಕಿ, ನಮ್ಮಿಬ್ಬರಿಗೆ ಎದುರಾಗಿ ಕೂತರು.

"ಫ್ರಿಂಪೊಂಗ್," ಎಂದರು. ಆ ದನಿಯಲ್ಲಿ ಸೋದರಮಾವನಿದ್ದ, ನಮ್ಮ ಸೋದರಮಾವನಲ್ಲ. "ಈಗ ನಾನು ಈ ಹುಡುಗನ ವೋಫಾ. ಹೇಳು. ನನ್ನ ಅಳಿಯ ಚರಂಡೀಲಿ ಬಿದ್ದಿದ್ನಲ್ಲೋ, ಆವಾಗ ನೀನು ಯಾವ ಹಾಡು ಹಾಡ್ತಿದ್ದೆ? ಲಾರಿ ಹಿಂದೆ ಹಾಕಿ ಉಳಿಸಿದ ಆ ಒಂದು ಗಳಿಗೇನ ಏನು ಮಾಡಿದೆ? ಗಂಟು ಕಟ್ಟಿ ಮನೇಲಿಟ್ಟಿದೀಯಾ? ತೋರ್ಸು, ನೋಡೋಣ. ಇವನ ಕಾಲಿಗಿಂತ ಚೆನ್ನಾಗಿದ್ರೆ ನೀನೇ ಇಟ್ಕೋ!"

ಸೆಬೆ ಇಲ್ಲ, ಗಾದೆ ಇಲ್ಲ, ಆರಿಸಿ ತಣಿಸಿದ ಮಾತೊಂದೂ ಇಲ್ಲ. ಬಿಸಿ ಬಿಸಿಯಾಗಿ, ಸೂರ್ಯ ಮೇಲೇರುವವರೆಗೆ ಬೈದರು. ಅಯಾಂಗಾ ಮೊದಲು ಬೆರಗಾದ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ, ಹಿಂದೆ ಮನೆತನ ಇರುವವರು ಕೂರುವ ಹಾಗೆ. ಫ್ರಿಂಪೊಂಗ್ ನನ್ನ ಕಡೆ ನೋಡಿದ. ನನ್ನಲ್ಲಿ ಅಂಥ ಬಾಯಿ ಇರಲಿಲ್ಲ. ಅವನೇ ಎದ್ದು, ಅಂಗಿಯ ಹೆಗಲು ಇಳಿಸಿ, ಕೆಸರಿನಲ್ಲಿ ಬರಿಗಾಲು ಊರಿ, ತೊದಲಿ ತೊದಲಿ ಬೇಡಿಕೊಂಡ. ಆಡಿದ್ದು ನಾಲ್ಕೇ ಮಾತು, ನಾಲ್ಕೂ ಒರಟು. ಅಯಾಂಗಾ ವೋಫಾರ ಮುಖ ನೋಡಿದ, ವೋಫಾ ತಲೆಯಾಡಿಸಿದರು.

"ಕ್ಷಮಿಸಿದೀನಿ," ಎಂದ ಅಯಾಂಗಾ.

ನಾನು ರೂಢಿಯಂತೆ ಎದ್ದೆ. ವೋಫಾ ಕಣ್ಣಲ್ಲೇ ಗದರಿದರು. "ಕೂತ್ಕೊಳಿ ಮೇಷ್ಟ್ರೇ. ‘ಆದರೆ’ ಅನ್ನೋದು ಇನ್ನೂ ಬಂದಿಲ್ಲ."

ಅಯಾಂಗಾ ನಕ್ಕ. "ಆದರೆ, ಈ ಮುರಿದ ಕಾಲಲ್ಲಿ ಸುಗ್ಗಿ ಆಗೋದಿಲ್ಲ, ಕಾಯಿ ಮರದಲ್ಲೇ ಕಪ್ಪಾಗ್ತವೆ," ಎಂದ. ಆ ಸುಗ್ಗಿಯಿಡೀ, ಲೈಸೆನ್ಸಿಲ್ಲದ ಫ್ರಿಂಪೊಂಗ್ ಗಳುವಿನ ತುದಿಗೆ ಕತ್ತಿ ಕಟ್ಟಿ ಅಯಾಂಗಾನ ಪಾಲಿನ ಕೋಕೋ ಕಾಯಿ ಇಳಿಸಿದ. ಶಾಲೆ ಬಿಟ್ಟ ಮೇಲೆ ನಾನೂ ಒಮ್ಮೊಮ್ಮೆ ಹೋಗುತ್ತಿದ್ದೆ. ಮರದ ಕೆಳಗೆ ಇಬ್ಬರೂ ಎದುರುಬದುರು ಕೂತು ಕಾಯಿ ಒಡೆಯುತ್ತಿದ್ದರು. ಒಬ್ಬ ಹಾಡು ಹೇಳಿಕೊಡುತ್ತಿದ್ದ, ಇನ್ನೊಬ್ಬ ಅದನ್ನು ಕೆಡಿಸುತ್ತಿದ್ದ.

ವೋಫಾ ತೀರಿಕೊಂಡು ಬಹಳ ವರ್ಷವಾಯಿತು. ಅವರ ಕಾಲದಲ್ಲಿ ಒಂದೊಂದು ಸ್ಟೇಷನ್ನಿಗೂ ಅಂಥ ಒಬ್ಬರಿದ್ದರು. ಯಾರೂ ನೇಮಿಸಿದವರಲ್ಲ, ಯಾರೂ ಸಂಬಳ ಕೊಟ್ಟವರಲ್ಲ. ಈಗ ಕಂಬದ ಮೇಲಿನ ಕಣ್ಣೊಂದು ತಪ್ಪನ್ನು ಹಿಡಿದರೆ ಸಾಕು, ಅದರ ಚಿತ್ರ ಮನೆಗೆ ಬರುತ್ತದೆ, ಮನೆಯಿಂದಲೇ ದಂಡ ಹೋಗುತ್ತದೆ. ನ್ಯಾಯವೇ ಇರಬಹುದು, ಕೆಟ್ಟದ್ದೆನ್ನಲಾರೆ. ಆದರೆ ದಂಡ ಕಟ್ಟಿದವನು ತಾನು ಚರಂಡಿಗೆ ತಳ್ಳಿದವನ ಮನೆಯ ನೀರು ಕುಡಿಯುವುದಿಲ್ಲ, ಚರಂಡಿಗೆ ಬಿದ್ದವನು ತಳ್ಳಿದವನ ಕಣ್ಣು ನೋಡುವುದಿಲ್ಲ. ಕಾನೂನು ತಪ್ಪಿಗೊಂದು ಬೆಲೆ ಕಟ್ಟಬಲ್ಲದು. ತಪ್ಪು ಮಾಡಿದವನನ್ನೂ ತಪ್ಪಿಗೆ ತುತ್ತಾದವನನ್ನೂ ಮತ್ತೆ ಒಂದೇ ಊರಿನವರನ್ನಾಗಿ ಮಾಡಲು ಮಾತ್ರ ಒಬ್ಬ ಮನುಷ್ಯ ಬೇಕು: ಯಾರ ಕಡೆ ಬಾಯಿಲ್ಲವೋ ಆ ಕಡೆಗೆ ತನ್ನ ಮಣೆಯನ್ನು ತಾನೇ ಎತ್ತಿಕೊಂಡು ಹೋಗಿ ಕೂರಬಲ್ಲವನು.